ಪ್ರಶ್ನೆಗುರುತಿನ ಸೀಸೆಗಳು

ಅವನ ಕಣ್ಣಿಗೇನೋ ಆಗಿದೆ ಎಂಬ ಅನುಮಾನ ಅವಳಿಗೆ ಮೊದಲು ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ, ಹಾಡಬೇಕಿದ್ದ ನೊಣವೊಂದು ಹಾಡದೆ ಸತ್ತುಬಿದ್ದಾಗ.

ಆ ಪ್ರಯೋಗಾಲಯದಲ್ಲಿ ಇಬ್ಬರದೂ ಒಂದೇ ಕೆಲಸ: ಎಳ್ಳುಕಾಳಿನಷ್ಟಿದ್ದ ಎರಡು ಜಾತಿಯ ಹಣ್ಣಿನ ನೊಣಗಳನ್ನು ಬೇರೆ ಬೇರೆ ಗುರುತಿಸುವುದು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದ ಅವನ್ನು ಅಲ್ಲಿಯವರು ಅಕ್ಕ, ತಂಗಿ ಎಂದು ಕರೆಯುತ್ತಿದ್ದರು. ಅವನು ಮೇಲಿನ ಮಹಡಿಯಲ್ಲಿ ಮೈಕ್ರೋಸ್ಕೋಪಿನಡಿ ಗಂಡುನೊಣದ ಬಾಲದ ತುದಿಯ ಕೊಕ್ಕೆ ನೋಡಿ ಹೇಳುತ್ತಿದ್ದ. ಅಗಲವಾಗಿದ್ದರೆ ಅಕ್ಕ, ಸಣ್ಣಗಿದ್ದರೆ ತಂಗಿ. ಕೊಕ್ಕೆ ಸರಿಯಾಗಿ ಕಾಣದಿದ್ದರೆ ಸೀಸೆಯ ಚೀಟಿಗೆ ಪೆನ್ಸಿಲ್ಲಿನಲ್ಲಿ ಪ್ರಶ್ನೆಗುರುತು ಹಾಕಿ, ಕೆಳಗಿನ ಸದ್ದಿಲ್ಲದ ಕೋಣೆಗೆ ಕಳಿಸುವುದು ರೂಢಿ.

ಅಲ್ಲಿ ಅವಳು ಮೈಕ್ ಇಟ್ಟ ಪುಟ್ಟ ಪೆಟ್ಟಿಗೆಯೊಳಗೆ ನೊಣ ಬಿಟ್ಟು, ಹೆಡ್‌ಫೋನ್ ಹಾಕಿ ಕೂತಿರುತ್ತಿದ್ದಳು. ಹೆಣ್ಣನ್ನು ಕಂಡ ಗಂಡುನೊಣ ಒಂದು ರೆಕ್ಕೆ ಚಾಚಿ ಮಿಡಿಯುತ್ತದೆ. ಅಕ್ಕನದು ದುಡುಕಿನ ಮಿಡಿತ. ತಂಗಿಯದು ನಡುನಡುವೆ ಉಸಿರು ತೆಗೆದುಕೊಂಡಂಥ ನಿಧಾನದ್ದು. ಅಜ್ಜನ ತೊಡೆಯ ಮೇಲೆ ಪದ್ಯ ಕೇಳುತ್ತ ಬೆಳೆದ ಕಿವಿಗೆ ಅಷ್ಟು ಅಂತರ ಸಾಕಿತ್ತು.

ಎಲ್ಲರೂ ಸೀಸೆ ಕಳಿಸಿಕೊಡುತ್ತಿದ್ದರು. ಅವನು ಮಾತ್ರ ತಾನೇ ತರುತ್ತಿದ್ದ.

"ಇದೊಂದು ಏನು ಮಾಡಿದ್ರೂ ಗೊತ್ತಾಗ್ಲಿಲ್ಲ ನೋಡಿ," ಎಂದು ಬಾಗಿಲಿಗೆ ಒರಗುತ್ತಿದ್ದ. ಅವಳು ಆಲಿಸುವಷ್ಟು ಹೊತ್ತೂ ಉಸಿರು ಬಿಗಿಹಿಡಿಯುತ್ತಿದ್ದ. ಅವಳು ಕಣ್ಣೆತ್ತಿದರೆ ಗೋಡೆ ನೋಡುತ್ತಿದ್ದ.

"ತಂಗಿ."

"ಹೌದಾ? ನೀವಿಲ್ದಿದ್ರೆ ನನ್ನ ಗತಿ ಏನು!"

ಆ ಮಂಗಳವಾರ ಅವನು ತಂದ, ಹಾಡದೆ ಸತ್ತ ನೊಣವನ್ನು ಅವಳು ಮೂಲೆಯ ಹಳೆಯ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದಳು. ಕೊಕ್ಕೆ ಅಗಲವಾಗಿ, ಎದ್ದು ಕಾಣುತ್ತಿತ್ತು. ನಿನ್ನೆ ಕೆಲಸಕ್ಕೆ ಸೇರಿದವರೂ ಅಕ್ಕ ಎನ್ನಬಹುದಿತ್ತು. ಅವನು ಹಿಂದೆ ತಂದಿದ್ದ ಹತ್ತು ನೊಣಗಳನ್ನೂ ಸ್ಪಿರಿಟ್ಟಿನಲ್ಲಿ ಎತ್ತಿಟ್ಟಿದ್ದಳು. ಒಂದೊಂದಾಗಿ ನೋಡಿದಳು. ಯಾವುದರಲ್ಲೂ ಸಂದೇಹಕ್ಕೆ ಎಡೆಯೇ ಇರಲಿಲ್ಲ.

ಸಂಜೆ ಅತ್ತಿಗೆಗೆ ಹೇಳಿದರೆ, ಅವರು ಬಟ್ಟೆ ಮಡಿಸುವುದನ್ನು ಬಿಟ್ಟು ನಕ್ಕರು. "ಅಯ್ಯೋ ಪೆದ್ದಿ! ನೊಣದ ಗುಟ್ಟೆಲ್ಲ ಗೊತ್ತು ನಿಂಗೆ. ಮನುಷ್ಯರದ್ದು?"

"ಸುಮ್ನಿರಿ ಅತ್ತಿಗೆ," ಎಂದಳು. ಕಿವಿ ಮಾತ್ರ ಬಿಸಿಯಾಗಿತ್ತು.

ಬುಧವಾರವಿಡೀ ಮೆಟ್ಟಿಲ ಕಡೆಗೇ ಕಿವಿ. ಅವನು ಬರಲಿಲ್ಲ. ಗುರುವಾರ ಮೇಲ್ವಿಚಾರಕಿ ಬಂದು, "ನಿಮ್ಮ ಪ್ರಶ್ನೆಗುರುತಿನ ಮಹರಾಯ್ರು ನಾಡಿದ್ದು ಹೊರಟ್ರಲ್ಲಪ್ಪ. ಬೇರೆ ಊರಲ್ಲಿ ಕೆಲಸ ಸಿಕ್ಕಿದೆ," ಎಂದರು.

"ವಾಪಸ್ ಯಾವಾಗ?"

"ವಾಪಸ್ಸೆಲ್ಲಿಂದ ಬಂತು? ಹೋದ್ರು ಅಂದ್ರೆ ಹೋದ ಹಾಗೇ."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಪೆಟ್ಟಿಗೆಯೊಳಗೆ ನೊಣವಿರಲಿಲ್ಲ. ಆದರೂ ಬಹಳ ಹೊತ್ತು ಆಲಿಸಿದಳು. ದೇವರೇ, ಇಷ್ಟು ಕಿವಿ ಕೊಟ್ಟೆ, ಒಂದಿಷ್ಟು ಬಾಯಿಯನ್ನೂ ಕೊಡಬಾರದಿತ್ತೇ?

ಶುಕ್ರವಾರ ಮೊದಲ ಸಲ ತಾನಾಗಿ ಮೆಟ್ಟಿಲು ಹತ್ತಿದಳು. ಅವನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಅವಳು ಸೀಸೆ ಚಾಚಿದಳು. ಚೀಟಿಯ ಮೇಲೆ ಪ್ರಶ್ನೆಗುರುತು, ಅವಳದೇ ಕೈಬರಹ.

ಅವನು ಬೆಳಕಿಗೆ ಹಿಡಿದ. "ಇದು ಹೆಣ್ಣು. ಒಂದೇ ಇದೆ."

"ಅಕ್ಕನೋ ತಂಗಿಯೋ ಹೇಳಿ."

"ಹೆಣ್ಣುಗಳೆರಡೂ ಒಂದೇ ಥರ, ನಿಮಗೆ ಗೊತ್ತಿಲ್ವಾ? ಇದು ಮೊಟ್ಟೆ ಇಟ್ಟು, ಗಂಡುಮಕ್ಕಳು ಹುಟ್ಟಿ, ಅವುಗಳ ಕೊಕ್ಕೆ ನೋಡ್ಬೇಕು. ಹನ್ನೆರಡು ದಿನ ಹಿಡಿಯುತ್ತೆ."

"ಕಾಯೋಕಾಗಲ್ವಾ?"

"ನಾಳೆ ನಾನು..."

"ನೀವು ತಂದಿದ್ದನ್ನೆಲ್ಲ ನೋಡಿದೆ. ಒಂದರ ಕೊಕ್ಕೆಯೂ ಮಸುಕಾಗಿಲ್ಲ."

"ಎಲ್ಲವನ್ನೂ?"

"ಹನ್ನೊಂದನ್ನೂ."

ಅವನ ಮುಖ ಕೆಂಪಾಯಿತು. "ಕೆಳಗೆ ಬರೋಕೆ ಬೇರೆ ನೆಪ ಹೊಳೀಲಿಲ್ಲ. ಹೇಳೋಣ ಅಂದ್ರೆ ನೀವು ತಲೆ ಎತ್ತಿ ಕೂಡ ನೋಡ್ತಿರಲಿಲ್ಲ."

"ಎತ್ತಿದಾಗೆಲ್ಲ ನೀವು ಗೋಡೆ ನೋಡ್ತಿದ್ರಿ!"

ಇಬ್ಬರಿಗೂ ನಗು ಬಂತು. ಅವನು ಫೋನ್ ತೆಗೆದು ಹೊಸ ಕೆಲಸದವರಲ್ಲಿ ಎರಡು ವಾರದ ಸಮಯ ಕೇಳಿದ. ಅವರು ಏನೆನ್ನುವರೋ ಎಂದು ಈಗ ಅವಳು ಗೋಡೆ ನೋಡುತ್ತ ಉಸಿರು ಬಿಗಿಹಿಡಿದಳು.

"ಒಪ್ಪಿದ್ರು," ಎಂದು ಅವನು ಪೆನ್ಸಿಲ್ ಎತ್ತಿಕೊಂಡ. ಚೀಟಿಯಲ್ಲಿ 'ನೋಡುವವರು' ಎಂದಿದ್ದ ಕಡೆ ನಿಧಾನವಾಗಿ ಬರೆದ: ಇಬ್ಬರೂ.

"ಹನ್ನೆರಡು ದಿನ ಆದ್ಮೇಲೆ?" ಎಂದು ಅವಳು ಕೇಳಿದಳು.

"ಪೂರ್ತಿ ಖಚಿತ ಆಗ್ಬೇಕಂದ್ರೆ," ಅವನು ಸೀಸೆಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದ, "ಮೊಮ್ಮಕ್ಕಳನ್ನೂ ನೋಡ್ಬೇಕಾಗುತ್ತೆ."

ಈ ಸಲ ಯಾರೂ ಗೋಡೆ ನೋಡಲಿಲ್ಲ.