ಎರಡು ಡಬ್ಬಿಗಳ ನಡುವೆ

"ನಿಮ್ಮ ಸ್ಪೀಕರ್ ಸುಳ್ಳ ಹೇಳ್ತಾವ್ರಿ!"

ಶಿಗ್ಗಾಂವ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿದ್ದ ಆ ಪುಟ್ಟ ರೆಕಾರ್ಡಿಂಗ್ ಕೋಣೆಯಲ್ಲಿ ಮಲ್ಲಿಕಾ ಥಟ್ಟನೆ ಎದ್ದು ನಿಂತಳು. ಮೂಗಿನ ತುದಿ ಕೆಂಪಾಗಿತ್ತು. ದುಂಡಸಿಯಿಂದ ಬಂದು, ಮೊದಲ ಸಲ ಮೈಕಿನ ಮುಂದೆ ಹಾಡಿದ್ದಳು. ಈಗ ಕೇಳಿದರೆ... ಅಯ್ಯೋ! ಉಸಿರು ಎಳೆದದ್ದು, ಗಂಟಲು ಒಣಗಿದ್ದು, ಎಲ್ಲವೂ ಕೇಳುತ್ತಿದೆ!

ಆ ಕೋಣೆಯ ಒಡೆಯ ಲೋಹಿತ ಕುರ್ಚಿ ತಿರುಗಿಸಿದ. ನಗು ತಡೆದುಕೊಂಡಿದ್ದಾನೆ ಎಂದು ಗೊತ್ತಾಗಿ ಅವಳ ಸಿಟ್ಟು ಇನ್ನೂ ಏರಿತು.

"ಸುಳ್ಳ ಹೇಳೂದು ನಿಮ್ಮ ಫೋನ್ರಿ. ಮಾರಿಗೆ ಪೌಡರ್ ಹಚ್ಚಿದಂಗ ದನಿಗೂ ಹಚ್ಚಿ ಕೇಳಸ್ತೈತಿ. ಈ ಸ್ಪೀಕರ್ ಇದ್ದದ್ದು ಇದ್ದಂಗ ಹೇಳ್ತಾವ."

"ಹಂಗಾರ ನನ್ನ ದನಿ ಛಲೋ ಇಲ್ಲ ಅಂತೀರೇನ್ರಿ?"

ಅವನು ಮೇಜಿನ ಮೇಲಿನ ಎರಡು ಪುಟ್ಟ ಕಪ್ಪು ಡಬ್ಬಿಗಳನ್ನು ನೋಡುತ್ತ ಮೆಲ್ಲಗೆ ಹೇಳಿದ:

"ಪೌಡರ್ ಬೇಕಿಲ್ಲದ ದನಿ ರೀ ಅದು."

ಜಗಳಕ್ಕೆ ನಿಂತವಳು ಮೆಲ್ಲಗೆ ಮತ್ತೆ ಕುಳಿತಳು...

ಮಲ್ಲಿಕಾ ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ, ಹೊಲಿಯುತ್ತಲೇ ಹಾಡು ಕಟ್ಟುತ್ತಾಳೆ. ಮದುವೆ ಬಂತೆಂದರೆ ಒಡಪು ಕೇಳಿಕೊಂಡು ಹೆಂಗಸರು ಅವಳ ಬಾಗಿಲಿಗೇ ಬರುತ್ತಾರೆ. ನಮ್ಮ ಕಡೆ ಗಂಡನ ಹೆಸರನ್ನು ಬರಿದೇ ಕರೆಯುವುದಿಲ್ಲವಲ್ಲ, ಒಡಪಿನ ಪದ್ಯದೊಳಗೆ ಹೆಣೆದೇ ಹೇಳಬೇಕು! ಹೀಗೆ ಊರಿನ ಗಂಡಂದಿರ ಹೆಸರನ್ನೆಲ್ಲ ಹೆಣೆದುಕೊಟ್ಟವಳಿಗೆ, ತನಗೆಂದು ಹೆಣೆಯಲು ಒಂದು ಹೆಸರಿರಲಿಲ್ಲ.

ಮನೆಯಿಂದಲೇ ಹಾಡಿ ಲೋಹಿತನಿಗೆ ಕಳಿಸಲೆಂದು ಅವಳು ಮೈಕು, ಅವನಲ್ಲಿದ್ದಂಥದ್ದೇ ಜೋಡಿ ಸ್ಪೀಕರ್ ಕೊಂಡಳು. ಜೋಡಿಸಿಕೊಡಲು ಲೋಹಿತನೇ ದುಂಡಸಿಗೆ ಬಂದ.

"ಆಂಪ್ಲಿಫೈಯರ್ ಬ್ಯಾರೆ ಬೇಕಿಲ್ರಿ. ಎಡಕಿನ ಡಬ್ಬಿಯೊಳಗನ ಐತಿ. ಬಲಕಿನದಕ್ಕ ಇದರಿಂದ ಒಂದು ವೈರ್ ಅಷ್ಟ. ಕಿವಿ ಮಟ್ಟಕ್ಕ ಇಟ್ಟೇನಿ, ನಡುವ ಕುಂದರ್ರಿ."

ಅವಳು ಕುಳಿತಳು. ಹಾಡು ಹೊರಟಿತು. ಎರಡು ಡಬ್ಬಿಗಳ ನಡುವಿನ ಖಾಲಿ ಗೋಡೆಯಲ್ಲಿ ಅವಳದೇ ದನಿ ಬಂದು ನಿಂತಿತು!

"ಅಯ್ಯ! ಅಲ್ಲೆ ಯಾರೂ ಇಲ್ಲಲ್ರಿ!"

"ನೀವು ಅದೀರಲ್ರಿ," ಎಂದ ಅವನು.

ಚಹಾ ತಂದ ಅವಳ ತಾಯಿ ಮುದಕವ್ವ ಸೊಂಟದ ಮೇಲೆ ಕೈಯಿಟ್ಟಳು. "ಎರಡೂ ಡಬ್ಬಿ ಇಕಿಗೇನ? ನನಗೊಂದು ಬ್ಯಾಡನು?"

ಇಬ್ಬರೂ ನಕ್ಕರು. ಮುದಕವ್ವ ನಗಲಿಲ್ಲ! ಅವನು ಹೋದದ್ದೇ ತಡ, ಊರಿನ ನಾಸೀರನ ಕರೆಂಟ್ ಸಾಮಾನಿನ ಅಂಗಡಿಯಿಂದ ಉದ್ದ ವೈರ್ ತರಿಸಿ, ಬಲಗಡೆಯ ಡಬ್ಬಿಯನ್ನು ಹಿಂದಿನ ಅಡುಗೆಮನೆಯ ಗೂಡಿಗೆ ಸಾಗಿಸಿಯೇಬಿಟ್ಟಳು.

"ರೊಟ್ಟಿ ಬಡಿಯೂ ಮುಂದ ಮಗಳ ಹಾಡ ಕೇಳಬೇಕ್ ನಾ."

ಅವ್ವನ ಆಸೆಗೆ ಮಲ್ಲಿಕಾ ಅಡ್ಡ ಬರಲಿಲ್ಲ. ಅಲ್ಲೂ ಅವಳ ದನಿ, ಇಲ್ಲೂ ಅವಳ ದನಿ. ಸಮಪಾಲು! ಲೋಹಿತನಿಗೆ ಇದನ್ನು ಹೇಳಲು ಮಾತ್ರ ನಾಚಿಕೆಯಾಯಿತು.

ಆಮೇಲೆ ದಿನವೂ ಫೋನು.

"ಲೋಹಿತ ಅವರ, ನನ್ನ ಉಸಿರಿನ ಸಪ್ಪಳ ಅಳಸಿಬಿಡ್ರಿ."

"ಇರ್ಲಿ ಬಿಡ್ರಿ. ಅದ ಇದ್ರ ನೀವು ಇಲ್ಲೇ ಬಾಜೂಕ ಕುಂತಂಗ ಆಕ್ಕೈತಿ."

ಫೋನಿಟ್ಟ ಮೇಲೂ ಅವಳ ಕೆನ್ನೆ ಬಿಸಿಯಾಗಿಯೇ ಇರುತ್ತಿತ್ತು. ಇದು ಬರೀ ಕೆಲಸದ ಮಾತೇ? ಅಥವಾ...

ಅಷ್ಟರಲ್ಲಿ ಚಿಕ್ಕೇರೂರಿನಿಂದ ಸಂಬಂಧ ಬಂತು. ಹುಡುಗನ ಕಡೆಯವರು ಉತ್ತರಕ್ಕೆ ಕಾದಿದ್ದರು. ಇನ್ನು ತಡೆದರೆ ಆಗದೆಂದು ಮಲ್ಲಿಕಾ ಒಂದು ಹಾಡು ಕಟ್ಟಿದಳು. ಸಾಲಿಗೊಂದು ಪ್ರಶ್ನೆ, ಪ್ರಶ್ನೆಯ ಹಿಂದೆ ಮೌನ.

"ನಡುವ ಜಾಗ ಖಾಲಿ ಬಿಟ್ಟೇನ್ರಿ," ಎಂದು ಫೋನಿನಲ್ಲಿ ಉಸುರಿದಳು. "ತುಂಬೂ ಮನಸಿದ್ರ ನಿಮ್ಮ ದನಿಲೆ ತುಂಬ್ರಿ. ಇಲ್ಲಂದ್ರ... ಹಂಗ ವಾಪಸ್ ಕಳಸ್ರಿ. ನಾ ತಿಳಕೊಂತೇನಿ."

ಮರುದಿನ ಹಾಡು ಬಂತು. ಜೊತೆಗೆ ಒಂದೇ ಮಾತು: "ಫೋನಿನ್ಯಾಗ ಕೇಳಬ್ಯಾಡ್ರಿ. ಸ್ಪೀಕರಿಗೆ ಹಚ್ಚಿ ಕೇಳ್ರಿ."

ಹೊಲಿಗೆ ಮಷೀನಿನ ಪಕ್ಕ ಉಳಿದಿದ್ದ ಎಡಗಡೆಯ ಡಬ್ಬಿಗೆ ಹಚ್ಚಿದಳು. ಅವಳ ದನಿ ಬಂತು. ಪ್ರಶ್ನೆ ಬಂತು.

ಆಮೇಲೆ... ಮೌನ.

ಮತ್ತೆ ಪ್ರಶ್ನೆ. ಮತ್ತೆ ಮೌನ!

ಹಾಡು ಮುಗಿಯುವವರೆಗೂ ಖಾಲಿ ಜಾಗ ಖಾಲಿಯಾಗಿಯೇ ಉಳಿಯಿತು. ಉತ್ತರ ಬರೆದಳು: "ಛಲೋ ಐತ್ರಿ. ಇನ್ನ ನಮ್ಮ ಕೆಲಸ ಮುಗೀತು."

ಕಣ್ಣೊರೆಸಿಕೊಂಡು ಅಡುಗೆಮನೆಯ ಬಾಗಿಲು ತಳ್ಳಿದಳು.

"ಅವ್ವಾ, ಚಿಕ್ಕೇರೂರಿನವರಿಗೆ ಹೂಂ ಅಂದುಬಿಡು."

"ಅನ್ನೂಣಂತ," ಮುದಕವ್ವ ರೊಟ್ಟಿ ತಿರುವಿ ಹಾಕಿದಳು. "ಅದಿರ್ಲಿ, ಈ ಹೊತ್ತಿನ ಹಾಡಿನ್ಯಾಗ ನೀ ಎಲ್ಲಿ ಹೋಗಿದ್ದಿ? ಬರೇ ಆ ಹುಡುಗನ ಅದಾನ!"

"ಯಾವ ಹುಡುಗ?"

"ಡಬ್ಬಿ ತಂದಾಂವ! ಒಂದು ಸಾಲ ಹಾಡ್ತಾನ, ಸುಮ್ನಾಗ್ತಾನ. ಮತ್ತೊಂದು ಹಾಡ್ತಾನ, ಸುಮ್ನಾಗ್ತಾನ. ಯಾರಿಗೆ ಹೇಳಾಕತ್ತಾನ ಅಂತ ನಾನೂ ದಾರಿ ನೋಡಿದೆ!"

ಮಲ್ಲಿಕಾ ಗೂಡಿನಲ್ಲಿದ್ದ ಡಬ್ಬಿಯತ್ತ ತಿರುಗಿದಳು.

ಅವಳ ದನಿಯನ್ನು ಎಡಗಡೆಯ ಡಬ್ಬಿಗೆ, ತನ್ನ ದನಿಯನ್ನು ಬಲಗಡೆಯದಕ್ಕೆ ಹಾಕಿ... ಇಬ್ಬರೂ ಎದುರುಬದುರು ಕುಳಿತಂತೆ ಮಾಡಿದ್ದಾನೆ ಲೋಹಿತ! ಅವನ ಉತ್ತರವೆಲ್ಲ ಅಡುಗೆಮನೆಗೆ ಹೋಗಿಬಿಟ್ಟಿದೆ!

ಗೂಡಿನಿಂದ ಡಬ್ಬಿ ಕಿತ್ತುಕೊಂಡು ಓಡಿದಳು. ಅದರ ಮೈಗೆ ಜೋಳದ ಹಿಟ್ಟು ಹತ್ತಿತ್ತು. ಮೊದಲಿನ ಜಾಗದಲ್ಲೇ ಇಟ್ಟು, ನಡುವೆ ಕುಳಿತಳು.

ಎಡದಿಂದ ಅವಳು ಕೇಳಿದಳು:
"ಬ್ಯಾರೆ ಬ್ಯಾರೆ ಬಿದ್ದಾವ ಎರಡು ಅರಿವಿ ತುಂಡು,
ಕೂಡಿಸಿ ಹೊಲಿಯೋರು ಯಾರ?"

ಬಲದಿಂದ ಅವನು, ಶ್ರುತಿ ತಪ್ಪುತ್ತ, ಹೆದರುತ್ತ:
"ಸೂಜಿ ನೀ ಹಿಡಿ ಮಲ್ಲಿಕಾ, ದಾರ ನಾ ಪೋಣಸ್ತೇನಿ,
ಜೋಡಿ ಬಿಟ್ಟು ಹೋಗೋರು ಯಾರ?"

ಅವಳು ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು.

ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ ಮುದಕವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಇನ್ನೂ ಕುಂತೀಯಲ್ಲ! ಚಿಕ್ಕೇರೂರಿನವರಿಗೆ ನಾ ಹೇಳ್ತೇನಿ. ಬಸ್ ಹೋಗಿಬಿಡ್ತೈತಿ, ಓಡು!"

ಶಿಗ್ಗಾಂವದ ಮಹಡಿಯಲ್ಲಿ ಲೋಹಿತ ಸ್ಪೀಕರ್ ಆರಿಸಿ, ಸುಮ್ಮನೆ ಗೋಡೆ ನೋಡುತ್ತ ಕುಳಿತಿದ್ದ. ಹೆಜ್ಜೆ ಸಪ್ಪಳದಲ್ಲೇ ಅವಳೆಂದು ತಿಳಿದರೂ ತಿರುಗಲಿಲ್ಲ.

"ಕೆಲಸ ಮುಗೀತು ಅಂದ್ರಲ್ರಿ."

"ನಿಮ್ಮ ಉತ್ತರ ನಮ್ಮ ಅವ್ವಗ ಮುಟ್ಟಿತ್ರಿ!"

ಅವನು ಗಾಬರಿಯಿಂದ ಎದ್ದೇ ನಿಂತ. ಉದ್ದ ವೈರಿನ ಕಥೆ, ಗೂಡಿನ ಕಥೆ, ಅವಳು ಏದುಸಿರಲ್ಲೇ ಹೇಳಿ ಮುಗಿಸಿದಳು.

"ಅವ್ವಾರು... ಏನಂದ್ರು?"

"ಹುಡುಗ ಛಲೋ ಅದಾನ, ಹಾಡಾಕ ಬರೂದಿಲ್ಲ ಅಂದ್ಳು."

ಅವನು ನಕ್ಕ. ಕಣ್ಣು ತುಂಬಿದ್ದವು. "ನೀವೇನಂತೀರಿ? ಶ್ರುತಿ ಸರಿ ಮಾಡ್ಲೇನು?"

"ಬ್ಯಾಡ್ರಿ. ಪೌಡರ್ ಹಚ್ಚಬ್ಯಾಡ್ರಿ... ಇದ್ದದ್ದು ಇದ್ದಂಗ ಇರ್ಲಿ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಮಲ್ಲಿಕಾ... ಒಮ್ಮೆ ನನ್ನ ಹೆಸರು ಹಿಡದು ಕರಿ."

ದಿನವೂ ಫೋನಿನಲ್ಲಿ ಕರೆದ ಹೆಸರೇ. ಅವಳ ತುಟಿ ತೆರೆಯಿತು... ಅಲ್ಲೇ ನಿಂತಿತು. ಕೆನ್ನೆ ಕೆಂಪೇರಿತು.

"ಇನ್ನ ಮ್ಯಾಲ ಹಂಗ ಬರೇ ಹೆಸರು ಕರಿಯಾಕ ಬರೂದಿಲ್ರಿ."

"ಯಾಕ?"

ತಲೆ ತಗ್ಗಿಸಿ, ಅವನ ಅಂಗಿಯ ಸಡಿಲಾದ ಗುಂಡಿಯನ್ನು ಬೆರಳಲ್ಲಿ ತಿರುವುತ್ತ ಅವಳು ಹೇಳಿದಳು:

"ಒಡಪು ಕಟ್ಟಬೇಕಲ್ರಿ..."