ಹಿಂದಕ್ಕೆ ನಡೆದ ಸೀಕ್ವೆನ್ಸ್

ದೂರು ಮಾಯವಾಗಿತ್ತು. ಜೊತೆಗೆ ಗಂಗಲಕ್ಷ್ಮಮ್ಮನ ಎರಡು ಬೆರಳು.

ಬಿಡದಿಯ ಆ ಕಾರ್ಖಾನೆಯ ಪ್ರೆಸ್ಸು ಬೆರಳು ನುಂಗಿದಾಗ ಅವಳನ್ನು ರಾಮನಗರದ ಆಸ್ಪತ್ರೆಗೆ ಹೊತ್ತೊಯ್ದವನು ಕಂಪ್ಯೂಟರ್ ನೋಡಿಕೊಳ್ಳುವ ಆಫ್ತಾಬ್. ದೂರು ಕೊಟ್ಟಿರಲೇ ಇಲ್ಲ, ತಪ್ಪು ಅವಳದೇ ಎಂದು ಕಂಪನಿ ಕೈತೊಳೆದುಕೊಂಡಿತು. ಕೆಲಸವೂ ಇಲ್ಲ, ಪರಿಹಾರವೂ ಇಲ್ಲ.

"ಪ್ರೆಸ್ಸಿಗೆ ಅಡ್ಡ ಇರೋ ಗಾರ್ಡ್ ಮುರ್ದೋಗೈತೆ ಅಂತ ಹಿಂದಿನ ದಿನ್ವೇ ದೂರಿನ ಮೆಷಿನ್ನಾಗೆ ಒತ್ತಿದ್ದೆ ಮೇಡಮ್ಮೋರೆ. 412 ಅಂತ ನಂಬರೂ ಬಂತು. ಬೆಳ್ಳು ಹೋಗೈತೆ, ತಲೆ ಹೋಗಿಲ್ಲ!"

ಠಾಣೆಯಲ್ಲಿ ಗಂಗಲಕ್ಷ್ಮಮ್ಮನ ಮಾತು ಕೇಳಿದ ಸಬ್ ಇನ್‌ಸ್ಪೆಕ್ಟರ್ ಜ್ಯೋತಿಲಕ್ಷ್ಮಿ ಟೋಪಿ ಎತ್ತಿಕೊಂಡು ಅವಳನ್ನೂ ಕಾರ್ಖಾನೆಗೆ ಕರೆದೊಯ್ದಳು.

*

"ಕೊನೇ ದೂರು 411," ಮ್ಯಾನೇಜರ್ ಮನೋಹರ್ ಪರದೆ ತೋರಿಸಿದ. "ಅಳಿಸಿದ್ರೆ ಆಫ್ತಾಬೇ ಅಳಿಸಿರ್ಬೇಕು. ಪಾಸ್‌ವರ್ಡ್ ನಮ್ಮಿಬ್ಬರ ಹತ್ರಾನೇ ಇರೋದು. ಡೇಟಾಬೇಸ್ ತೆಗೆಯೋಕಾಗೋದೂ ಈ ರೂಮಿಂದಲೇ."

"ಆಮೇಲೆ ಒಂದೂ ದೂರು ಬಂದಿಲ್ವಾ?"

"ಇಲ್ಲ. ನಮ್ಮ ಜನ ಖುಷಿಯಾಗಿದಾರೆ."

ಗೇಟಿನಾಚೆಯಿಂದ ಕೆಲಸಗಾರರ ಧಿಕ್ಕಾರ ಕೇಳುತ್ತಿತ್ತು. ಖುಷಿಯಂತೆ ಖುಷಿ!

ಅವಳು ಆಫ್ತಾಬನನ್ನು ಕರೆಸಿದಳು. "ದೂರಿಗೆ ನಂಬರ್ ಯಾರು ಕೊಡ್ತಾರೆ?"

"ಸೀಕ್ವೆನ್ಸ್ ಮೇಡಂ. ಬ್ಯಾಂಕಿನ ಟೋಕನ್ ಮೆಷಿನ್ ಇದ್ದಂಗೆ. ಒಂದೊಂದೇ ಮುಂದಕ್ಕೆ. ಕೊಟ್ಟದ್ದು ವಾಪಸ್ ತಗೊಳ್ಳಲ್ಲ."

"ಅದರ ವಿವರ ಹೇಗೆ ಕೇಳೋದು? ನೀನು ಮುಟ್ಟಬೇಡ. ಹೇಳು, ನಾನು ಒತ್ತುತೀನಿ."

"ಸೆಲೆಕ್ಟ್ ಇನ್‌ಕ್ರಿಮೆಂಟ್ ಬೈ, ಲಾಸ್ಟ್ ನಂಬರ್, ಫ್ರಮ್ ಯೂಸರ್ ಸೀಕ್ವೆನ್ಸಸ್. ಲಾಸ್ಟ್ ಅಂದ್ರೂ ಅದು ಮುಂದೆ ಕೊಡೋ ನಂಬರ್ ಮೇಡಂ."

ಉತ್ತರ ಬಂತು. ಏರಿಕೆ: ಮೈನಸ್ ಒಂದು. ಮುಂದಿನ ನಂಬರ್: 370.

"ಯಾ ಅಲ್ಲಾ! ಇದು ಹಿಂದಕ್ಕೆ ನಡೀತೈತೆ!"



*

ಜ್ಯೋತಿಲಕ್ಷ್ಮಿ ಕುರ್ಚಿ ತಿರುಗಿಸಿದಳು. "412 ಅಳಿಸಿದ್ರಿ. ಬಿಟ್ಟಿದ್ರೆ ಮುಂದಿನ ದೂರು 413 ಆಗೋದು, ನಡುವೆ ತೂತು ಕಾಣೋದು. ಅದಕ್ಕೆ ಸೀಕ್ವೆನ್ಸನ್ನ ಹಿಂದಕ್ಕೆ ತಿರುಗಿಸಿ 411ಕ್ಕೆ ಎಳೆದ್ರಿ. ಮತ್ತೆ ಮುಂದಕ್ಕೆ ತಿರುಗಿಸೋದು ಮರೆತ್ರಿ. ಅಲ್ಲಿಂದ ಯಾರು ದೂರು ಒತ್ತಿದ್ರೂ ಹಳೇ ದೂರಿನ ನಂಬರೇ ಸಿಗೋದು, ಒಂದೇ ನಂಬರನ್ನ ಎರಡು ಸಲ ಮೆಷಿನ್ ಒಪ್ತಿರಲಿಲ್ಲ. ಆದರೆ ಪ್ರತಿ ಸಲವೂ ಒಂದು ನಂಬರ್ ಖರ್ಚು. ಖುಷಿಯಾಗಿದ್ದ ಜನ 410ರಿಂದ 371ರವರೆಗೆ ನಲವತ್ತು ಸಲ ಕದ ಬಡಿದಿದಾರೆ ಸ್ವಾಮಿ!"

"ಆಫ್ತಾಬ್ ಮಾಡಿರ್ಬೋದಲ್ಲ?"

"ಸೀಕ್ವೆನ್ಸ್ ಬದಲಾದ ಹೊತ್ತೂ ಡೇಟಾಬೇಸಲ್ಲೇ ದಾಖಲಾಗಿದೆ: ಬೆರಳು ಹೋದ ದಿನ. ಆಗ ಆಫ್ತಾಬ್ ಆಸ್ಪತ್ರೆಯಲ್ಲಿ ಈಯಮ್ಮನಿಗೆ ರಕ್ತ ಕೊಡ್ತಿದ್ದ. ಇನ್ನೊಂದು ಪಾಸ್‌ವರ್ಡ್ ಯಾರದು?"



ಸಾಕ್ಷಿಯ ನಕಲು ತೆಗೆದಾಯಿತು. ಆಫ್ತಾಬ್ ಸೀಕ್ವೆನ್ಸನ್ನು ಮತ್ತೆ 411ಕ್ಕೆ ತಂದು ಮುಂದಕ್ಕೆ ತಿರುಗಿಸಿದ. ಗಂಗಲಕ್ಷ್ಮಮ್ಮ ಎಡಗೈಯಲ್ಲಿ ತಡವರಿಸುತ್ತ ಮತ್ತದೇ ದೂರು ಒತ್ತಿದಳು.

412.

"ಬಂತು ಕಣಪ್ಪ ಮನೋಹರ. ಈಗ ಅಳಿಸು ನೋಡಾನ!"

ಅವಳ ಬೆನ್ನ ಹಿಂದೆ ದೂರು ಒತ್ತಲು ಬಂದವರ ಸಾಲು ಗೇಟಿನವರೆಗೂ ಬೆಳೆದಿತ್ತು.