ಎರಡು ಕೋಟ್ ಬಣ್ಣ

ಭಾವನ ಹೊಸ ಮನೆಯಲ್ಲಿ ಅರ್ಧ ಗೋಡೆ ಬಣ್ಣವಿಲ್ಲದೆ ಉಳಿದದ್ದೇ ಎಲ್ಲಕ್ಕೂ ಮೂಲ. ಹಜಾರಕ್ಕೆ ಎಷ್ಟು ಬಣ್ಣ ಬೇಕೆಂದು ಅಕ್ಕ ಕೇಳಿದಾಗ, ತಮ್ಮನಾದ ಅವನು ಟೇಪು ಹಿಡಿದು ಅಳೆದು, ಬಾಗಿಲು ಕಿಟಕಿ ಕಳೆದು, ಲೆಕ್ಕ ಹಾಕಿಕೊಟ್ಟಿದ್ದ. ಕಾಲೇಜಿನಲ್ಲಿ ಗಣಿತ ಹೇಳುವವನು. ತಪ್ಪುವ ಮಾತೇ ಇಲ್ಲ. ಆದರೆ ಹೊಸ ಗಾರೆ ಬಣ್ಣ ಕುಡಿಯುತ್ತದೆ ಎಂಬುದು ಅವನ ಯಾವ ಸೂತ್ರದಲ್ಲೂ ಇರಲಿಲ್ಲ. ಕೊನೆಯ ಗೋಡೆಯ ನಡುವಿಗೆ ಬರುವಷ್ಟರಲ್ಲಿ ಡಬ್ಬಿ ತಳ ಕಂಡಿತು. ಭಾವ ಮತ್ತೊಂದು ಡಬ್ಬಿ ತರಿಸಲಿಲ್ಲ. ಗೋಡೆಯನ್ನು ಹಾಗೆಯೇ ಬಿಟ್ಟು, ಬಂದವರಿಗೆ ಕೂರಲು ಹೇಳುವ ಮುಂಚೆಯೇ ಅದನ್ನು ತೋರಿಸುತ್ತಿದ್ದ. "ನೋಡಿ, ಇದು ನಮ್ಮ ಮೇಷ್ಟ್ರ ಲೆಕ್ಕ."

ಅಷ್ಟಕ್ಕೇ ನಿಂತಿದ್ದರೆ ಹಲ್ಲು ಕಚ್ಚಿ ಸಹಿಸುತ್ತಿದ್ದನೋ ಏನೋ. ಅಪ್ಪನೂ ನಕ್ಕರು. ನಕ್ಕವರು ಹಾಸಿಗೆ ಹಿಡಿದಾಗ, ತಾವು ಕೈಯಾರೆ ಬೆಳೆಸಿದ ಮರಗೆಲಸದ ಕಾರ್ಖಾನೆಯನ್ನು ಅಳಿಯನ ಹೆಸರಿಗೆ ಮಾಡಿಟ್ಟರು. ಯಾಕೆಂದು ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಇಷ್ಟೇ: "ನಿನಗೆ ಲೆಕ್ಕ ಬರುತ್ತೆ ಕಣೋ, ಅಂದಾಜು ಬರಲ್ಲ. ಅವನ ಕೈಯಲ್ಲಿದ್ರೆ ಉಳಿಯುತ್ತೆ."

ಆರನೇ ಕ್ಲಾಸಿಗೆ ಓದು ಬಿಟ್ಟ ಭಾವನಿಗೆ ಕಾರ್ಖಾನೆ. ಬಂಗಾರದ ಪದಕ ಪಡೆದ ಮಗನಿಗೆ ಬುದ್ಧಿವಾದ. ಅಪ್ಪ ತೀರಿಕೊಂಡ ಮೇಲೆ, ನೆಂಟರೆಲ್ಲ ಕೂತಿದ್ದ ಹೊತ್ತಿನಲ್ಲಿ, ಅದು ಇವನ ಪಾಲಾಗುವುದಕ್ಕಿಂತ ಸುಟ್ಟು ಬೂದಿಯಾಗುವುದು ಮೇಲು ಎಂದು ಅವನು ಕೂಗಾಡಿದ. ಕೂಗಾಡಿದ್ದು ದಡ್ಡತನ ಎಂದು ಆಮೇಲೆ ಅನಿಸಿತು. ಆಡಿದ ಮಾತು ತಪ್ಪೆಂದು ಮಾತ್ರ ಅನಿಸಲಿಲ್ಲ.

ಕಾರ್ಖಾನೆಗೆ ಬೆಂಕಿ ಬಿದ್ದರೆ ಪೊಲೀಸರು ಮೊದಲು ತಟ್ಟುವುದು ತನ್ನ ಬಾಗಿಲನ್ನೇ. ಆದ್ದರಿಂದ ಬೆಂಕಿಗಿಂತ ಮೊದಲು ಸಾಕ್ಷಿ ಸಿದ್ಧವಾಗಬೇಕು. ಪೇಪರಿನಲ್ಲಿ ಫೋಟೋ ಬರುವ ಪೆದ್ದರೆಲ್ಲ ಮನೆಯಲ್ಲಿ ಮಲಗಿದ್ದೆವು ಎಂದು ಹೇಳಿ ಸಿಕ್ಕಿಬೀಳುತ್ತಾರೆ. ಮಲಗಿದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಮಾಡಿದ ಕೆಲಸಕ್ಕಾದರೆ ಬರುತ್ತದೆ, ಅದರಲ್ಲೂ ಅಳೆದು ನೋಡಬಹುದಾದ ಕೆಲಸಕ್ಕೆ. ತನ್ನನ್ನು ನಗೆಪಾಟಲು ಮಾಡಿದ ಆ ಬಣ್ಣದ ಲೆಕ್ಕವೇ ಈಗ ತನ್ನನ್ನು ಕಾಯಲಿ ಎಂದುಕೊಂಡಾಗ ಅವನಿಗೆ ಎಷ್ಟೋ ದಿನಗಳ ನಂತರ ನಗು ಬಂತು.

ಅವನದು ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆಯ ಓನರೂ ಅವರ ಹೆಂಡತಿಯೂ ಇದ್ದರು. ಮುಂದಿನ ಕೋಣೆ ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ. ನಾಲ್ಕು ಗೋಡೆ ಸೇರಿ ನಾನೂರ ನಲವತ್ತು ಚದರ ಅಡಿ; ಬಾಗಿಲು ಕಿಟಕಿ ಕಳೆದರೆ ನಾನೂರು. ಲೀಟರಿಗೆ ನೂರು ಚದರ ಅಡಿಯಂತೆ ಒಂದು ಕೋಟ್‌ಗೆ ನಾಲ್ಕು ಲೀಟರ್, ಎರಡು ಕೋಟ್‌ಗೆ ಎಂಟು. ಮೊದಲ ಕೋಟ್‌ಗೆ ಬೆಳಗಿನ ಹೊತ್ತು ಪೂರ್ತಿ ಬೇಕು, ಒಣಗಲು ಮಧ್ಯಾಹ್ನ, ಎರಡನೆಯದಕ್ಕೆ ಸಂಜೆ. ಒಬ್ಬನೇ ಎಂಟು ಲೀಟರ್ ಬಳಿದ ಎಂದರೆ ಇಡೀ ದಿನ ಮನೆಯಲ್ಲೇ ಇದ್ದ ಎಂದು ಗೋಡೆಯೇ ಹೇಳುತ್ತದೆ. ಹಳೆಯ ಬಣ್ಣ ತಿಳಿ ಕೆನೆ. ಹೊಸದನ್ನೂ ಅದೇ ಆರಿಸಿದ. ಕೆನೆಯ ಮೇಲೆ ಕೆನೆ ಒಂದೇ ಕೋಟ್‌ಗೆ ಮುಚ್ಚಿಕೊಳ್ಳುತ್ತದೆ, ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ.

ಶನಿವಾರ ಹೆಂಡತಿಯನ್ನು, ಬಣ್ಣದ ವಾಸನೆಗೆ ನಿನಗೆ ತಲೆನೋವು ಎಂದು ಹೇಳಿ, ತವರಿಗೆ ಕಳಿಸಿದ. ನಾಲ್ಕು ಲೀಟರಿನ ಎರಡು ಡಬ್ಬಿಗಳನ್ನು ಓನರ್ ಎದುರಿಗೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿಸಿದ. ಇನ್ನೊಂದು ಡಬ್ಬಿ ಹೆಚ್ಚಿಗೆ ಇರಲಿ ಎಂದು ಓನರ್ ಹೇಳಿದಾಗ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದ. ಆ ಮನುಷ್ಯ ಬಾಯಿ ತೆರೆದು ಕೇಳಿಸಿಕೊಂಡ. ಎಂಥ ಸಾಕ್ಷಿ! ಎರಡು ಡಬ್ಬಿ, ಎಂಟು ಲೀಟರ್ ಎಂದು ಗಿಣಿಯಂತೆ ಒಪ್ಪಿಸುವ ಸಾಕ್ಷಿ.

ಭಾನುವಾರ ಬೆಳಗಾಗುತ್ತಲೇ ರೇಡಿಯೋ ಜೋರಾಗಿ ಹಾಕಿ, ಫೋನನ್ನು ಮೇಜಿನ ಮೇಲೆ ಬಿಟ್ಟು, ಹಿಂದಿನ ಮೆಟ್ಟಿಲಿನಿಂದ ಇಳಿದ. ಎರಡು ಬಸ್ಸು ಬದಲಿಸಿ ಪಕ್ಕದ ಊರಿನ ಕಾರ್ಖಾನೆ ತಲುಪಿದ. ರಜೆಯ ದಿನ, ಆಳುಕಾಳು ಯಾರೂ ಇರಲಿಲ್ಲ. ಹಿಂದಿನ ಕಿಟಕಿಯ ಚಿಲಕ ಅವನು ಹುಡುಗನಾಗಿದ್ದಾಗಲೇ ಸಡಿಲ. ಭಾವನಂಥ ಜಾಣನಿಗೆ ಅದನ್ನು ಸರಿಮಾಡಿಸಲು ತೋಚಿರಲಿಲ್ಲ. ಮರದ ಹೊಟ್ಟಿನ ರಾಶಿಗೆ, ಪಾಲಿಶಿಗೆಂದು ಇಟ್ಟಿದ್ದ ಥಿನ್ನರ್ ಸುರಿದು, ಕಡ್ಡಿ ಗೀರಿ ಎಸೆದು, ತಿರುಗಿ ನೋಡದೆ ನಡೆದ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿದ್ದ. ರೇಡಿಯೋ ಇನ್ನೂ ಹಾಡುತ್ತಿತ್ತು.

ಒಂದು ಡಬ್ಬಿ ಗೋಡೆಗೆ ಹೋಯಿತು. ಇನ್ನೊಂದನ್ನು ಬಚ್ಚಲಿಗೆ ಒಯ್ದು, ಬಕೆಟ್ಟಿನಲ್ಲಿ ನೀರು ಬೆರೆಸಿ ಬೆರೆಸಿ ಸುರಿದ. ಕೆನೆ ಬಣ್ಣದ ನೀರು ಸುಳಿ ಸುತ್ತುತ್ತ ಜಾಲರಿಯೊಳಗೆ ಇಳಿಯಿತು. ನೆಲ ಉಜ್ಜಿದ, ಗೋಡೆ ತೊಳೆದ. ಆಮೇಲೆ ಕತ್ತಿಗೂ ತೋಳಿಗೂ ಬಣ್ಣ ಹಚ್ಚಿಕೊಂಡು, ಓನರನ್ನು ಕರೆದು ಹಸಿ ಗೋಡೆಯನ್ನೂ ಖಾಲಿ ಡಬ್ಬಿಗಳನ್ನೂ ತೋರಿಸಿದ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ ಎಂದಾಗ ಓನರ್ ತಲೆದೂಗಿದ.

ಸಂಜೆ ಅಕ್ಕನ ಫೋನು ಬಂತು. ಕಾರ್ಖಾನೆ ಪೂರ್ತಿ ಹೋಗಿತ್ತು. ಭಾವನ ಎರಡೂ ಕೈ ಮೊಣಕೈತನಕ ಸುಟ್ಟು, ಆಸ್ಪತ್ರೆಯಲ್ಲಿದ್ದ.

"ನಿನ್ನ ಭಾವ ಸುದ್ದಿ ಕೇಳಿ ಓಡಿದವರು ಸೀದಾ ಒಳಗೇ ನುಗ್ಗಿಬಿಟ್ರು ಕಣೋ," ಅಕ್ಕ ಬಿಕ್ಕುತ್ತಿದ್ದಳು. "ಅಪ್ಪನ ಉಳಿ ಪೆಟ್ಟಿಗೆ ತರೋಕೆ. ಅದನ್ನ ನಿನಗೆ ಕೊಡ್ಬೇಕು ಅಂತ ಎತ್ತಿಟ್ಟಿದ್ರು."

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಆಮೇಲೆ, ಉರಿಯುವ ಕಾರ್ಖಾನೆಗೆ ಪೆಟ್ಟಿಗೆಗಾಗಿ ನುಗ್ಗುವವನಿಗೇ ಅಂದಾಜು ಬರುತ್ತದೆ ಎಂದು ಅಪ್ಪ ನಂಬಿದ್ದರಲ್ಲ ಎನಿಸಿ, ತುಟಿಯ ಕೊನೆ ತಾನಾಗಿಯೇ ಸೊಟ್ಟಗಾಯಿತು. ಬೆಳಗ್ಗೆ ಬರುತ್ತೇನೆಂದು ಹೇಳಿ ಫೋನಿಟ್ಟ.

ಬೆಳಗ್ಗೆ ಬಂದದ್ದು ಇನ್ಸ್‌ಪೆಕ್ಟರ್. ಸಣ್ಣ ದನಿಯ, ಬಳಲಿದ ಮನುಷ್ಯ. ಕೂಗಾಡಿದ ಮಾತನ್ನು ಯಾರೋ ನೆಂಟರು ಆಗಲೇ ಮುಟ್ಟಿಸಿದ್ದರು. ಅವನು ಅವರನ್ನು ಹೊಸ ಬಣ್ಣದ ಕೋಣೆಯಲ್ಲೇ ಕೂರಿಸಿ, ಮಕ್ಕಳಿಗೆ ಪಾಠ ಹೇಳುವಂತೆ ಲೆಕ್ಕ ವಿವರಿಸಿದ. ಓನರ್ ಎರಡು ಡಬ್ಬಿ, ಎಂಟು ಲೀಟರ್ ಎಂದು ಒಪ್ಪಿಸಿದ. ಇನ್ಸ್‌ಪೆಕ್ಟರ್ ಗೋಡೆ ನೋಡಿದರು, ಡಬ್ಬಿ ಅಲುಗಿಸಿದರು.

"ಎಂಟೂ ಲೀಟರ್ ಗೋಡೆ ಮೇಲೇ ಇದೆ ಅಂತೀರಿ."

"ಬೇಕಾದ್ರೆ ಅಳೆದು ನೋಡಿ ಸರ್."

ಅವರು ಏಳಲು ಹೊರಟರು. ಆಗ ಓನರ್ ಹೆಂಡತಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಪೊಲೀಸರಿದ್ದಾರೆಂದು ಅವರೇನೂ ಸಂಕೋಚಪಡಲಿಲ್ಲ. ಕೈಯಲ್ಲಿ ಬೇರುಸಹಿತ ಕಿತ್ತ ಗುಲಾಬಿ ಗಿಡವಿತ್ತು; ಬುಡದಿಂದ ಗೇಣುದ್ದ, ಬೇರು ಮಣ್ಣು ಎಲ್ಲ ಸೇರಿ, ದಪ್ಪಗೆ ಕೆನೆ ಬಣ್ಣ ಮೆತ್ತಿಕೊಂಡಿತ್ತು. "ಏನ್ ಮೇಷ್ಟ್ರೇ, ಡಬ್ಬಿಗಟ್ಟಲೆ ಬಣ್ಣ ಬಚ್ಚಲಿಗೆ ಸುರಿಯೋದಾ? ಪಾತಿ ತುಂಬ ಮೊಸರಿನ ಹಾಗೆ ನಿಂತಿದೆ," ಎಂದರು. "ನೀವು ಬಂದು ಇಷ್ಟು ವರ್ಷ ಆಯ್ತು. ನಿಮ್ಮ ಬಚ್ಚಲ ನೀರು ಚರಂಡಿಗೆ ಹೋಗಲ್ಲ, ನನ್ನ ಗಿಡಕ್ಕೆ ಬರುತ್ತೆ ಅಂತ ನಿಮಗೆ ಗೊತ್ತಿಲ್ವಾ?"